ಕಡಲು ಅರ್ಧ ಗಂಟೆ ದೂರ, ಆದರೂ ನನ್ನ ಉಪ್ಪುನೀರಿನ ಟ್ಯಾಂಕಿನಲ್ಲಿ ಬಸವನಹುಳು ಉಳಿಯುತ್ತಿಲ್ಲ. ದೊಡ್ಡದು ಮಾಡಲಾ, ಬಿಟ್ಟುಬಿಡಲಾ?

ಸುರಂಗದ_ನೀರು · ಜೂನ್ 14, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನನ್ನದು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಲೆಕ್ಕಕ್ಕೆ 190 ಲೀಟರ್. ಕಲ್ಲು ಮರಳು ಕಳೆದರೆ 160 ಇರಬಹುದು. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಎರಡು ಗುಂಪು ಝೋಆ (ಹೂವಿನ ಹಾಗೆ ಅರಳುವ ಮೆತ್ತನೆ ಹವಳ), ಕೆಲವು ಮಶ್ರೂಮ್ ಹವಳ. ಅಂಚಿಗೆ ತೂಗುಹಾಕುವ ಒಂದು ಹ್ಯಾಂಗ್-ಆನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವುದು), ಎರಡು ವೇವ್‌ಮೇಕರ್ (ನೀರು ಅಲುಗಿಸುವ ಪಂಪು), ಒಂದು ಎಲ್‌ಇಡಿ. ಸಂಪ್ (ಟ್ಯಾಂಕಿನ ಕೆಳಗೆ ಇಡುವ ಎರಡನೇ ತೊಟ್ಟಿ) ಇಲ್ಲ.

ಶುರು ಮಾಡಿದ್ದೇ ಒಂದು ಕಥೆ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಸೈಕಲ್ ಮಾಡಲು, ಅಂದರೆ ಟ್ಯಾಂಕಿನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸಲು, ಹಸಿ ಸಿಗಡಿ ಹಾಕಿ ಕೊಳೆಸಬೇಕು ಎಂದು ಎಲ್ಲರೂ ಹೇಳಿದರು. ಕುಂಬಳೆ ಪೇಟೆಯಿಂದ ಎರಡೇ ಎರಡು ಸಿಗಡಿ ತಂದೆ. ಮೀನಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ ದುಡ್ಡೇ ತೆಗೆದುಕೊಳ್ಳಲಿಲ್ಲ. ನಾಲ್ಕನೇ ದಿನ ಅಮ್ಮನಿಗೆ ವಾಸನೆ ಬಂತು. ಮುಂದಿನದ್ದು ಬರೆಯುವುದಿಲ್ಲ. ಟ್ಯಾಂಕ್ ಚಾವಡಿಯಿಂದ ಹೊರಗಿನ ಕೋಣೆಗೆ ಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮೀನುಗಳಿಗೆ ಏನೂ ಆಗುವುದಿಲ್ಲ, ಗಮ್ಮತ್ತಿನಲ್ಲಿವೆ. ಸಾಯುವುದು ಬಸವನಹುಳು ಮಾತ್ರ. ಕಳೆದ ವರ್ಷ ಮಳೆ ಹಿಡಿದ ಹೊತ್ತಿಗೆ ಆರರಲ್ಲಿ ಐದು ನಾಲ್ಕೇ ದಿನದಲ್ಲಿ ಹೋದವು. ಮತ್ತೆ ತಂದು ಬಿಟ್ಟೆ. ಜುಲೈ ಕೊನೆಗೆ ಅವೂ ಹೋದವು, ಜೊತೆಗೆ ಕ್ಲೀನರ್ ಸಿಗಡಿ. ಆಮೇಲೆ ಮತ್ತೆ ಎಂಟು ತಂದೆ, ಹತ್ತು ತಿಂಗಳು ಏನೂ ತೊಂದರೆ ಇಲ್ಲ. ಈಗ ಈ ವಾರ ಎಂಟಕ್ಕೆ ಎಂಟೂ ಮಗುಚಿ ಬಿದ್ದಿವೆ. ಝೋಆ ಮುದುಡಿ ಕೂತಿದೆ, ಬಾಯಿ ಬಿಡುತ್ತಿಲ್ಲ.

ನೀರಿನ ಲೆಕ್ಕ: ಉಪ್ಪು (ನೀರಿನ ಸಾಂದ್ರತೆಯ ಲೆಕ್ಕದಲ್ಲಿ) 1.025, ಉಷ್ಣ 27 ಡಿಗ್ರಿ, ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10, ಫಾಸ್ಫೇಟ್ 0.06, ಆಲ್ಕಲಿನಿಟಿ (ಕ್ಷಾರತೆ) 8 ಡಿಗ್ರಿ. ವಾರಕ್ಕೆ 20 ಲೀಟರ್ ನೀರು ಬದಲಿಸುತ್ತೇನೆ. ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ) ನೀರು ಆರ್‌ಓ ಫಿಲ್ಟರಿನಲ್ಲಿ ಶುದ್ಧವಾಗಿ ಶೆಡ್ಡಿನಲ್ಲಿರುವ 200 ಲೀಟರಿನ ನೀಲಿ ಡ್ರಮ್ಮಿಗೆ ಬೀಳುತ್ತದೆ. ಅದರಲ್ಲೇ ಉಪ್ಪು ಕಲಸುವುದು.

ಟ್ಯಾಂಕ್ ಚಿಕ್ಕದಾದ್ದರಿಂದ ಹೀಗಾ? 5 ಅಡಿ ಟ್ಯಾಂಕ್, ಸಂಪ್, ಒಳ್ಳೆ ಸ್ಕಿಮ್ಮರ್ ಹಾಕಿದರೆ ಸರಿಹೋಗುತ್ತದಾ? ಅಪ್ಪನ ಪ್ರಕಾರ ಇದೆಲ್ಲ ಹುಚ್ಚು, "ಮೀನು ಸಾಕುವುದಾದರೆ ಬಾವಿಗೆ ಬಿಡು" ಅನ್ನುತ್ತಾರೆ.


ಉಪ್ಪಳ_ರೀಫರ್ · ಜೂನ್ 14, ರಾತ್ರಿ 9:41

ಕಣ್ಣು ಮುಚ್ಚಿ ದೊಡ್ಡದು ಮಾಡಿ. ನೀರು ಜಾಸ್ತಿ ಇದ್ದಷ್ಟೂ ಏರುಪೇರು ಕಮ್ಮಿ. ಹ್ಯಾಂಗ್-ಆನ್ ಸ್ಕಿಮ್ಮರ್ ಎಲ್ಲ ಆಟಿಕೆ. ಸಂಪ್ ಹಾಕಿ, ಅದರೊಳಗೆ ಸ್ಕಿಮ್ಮರ್, ನೀರು ಮತ್ತೆ ಮೇಲಕ್ಕೆ ಕಳಿಸಲು ಡಿಸಿ ಪಂಪ್. ನಾನು ದುಬೈಯಲ್ಲಿದ್ದಾಗ 2 ಅಡಿಯಲ್ಲಿ ಶುರು ಮಾಡಿ 6 ಅಡಿಗೆ ಹೋದವ.


ಹೊಸದುರ್ಗ_ವಯರ್‌ಮ್ಯಾನ್ · ಜೂನ್ 14, ರಾತ್ರಿ 9:58

5x2x2 ಅಂದರೆ 566 ಲೀಟರ್. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 700 ಕಿಲೋ ದಾಟುತ್ತದೆ. ಹಳೆ ಮನೆಯಾದರೆ ಉಪ್ಪರಿಗೆಯಲ್ಲಿ ಇಡುವ ಯೋಚನೆಯನ್ನೂ ಮಾಡಬೇಡಿ. ನೆಲದ ಮೇಲೆಯೇ ಇರಲಿ. ಮತ್ತೆ ಆ ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಇದೆಯಾ? ಉಪ್ಪುನೀರು ಮತ್ತು ಕರೆಂಟು ಒಂದೇ ಕಡೆ ಇದ್ದರೆ ಅದಿಲ್ಲದೆ ನಾನಂತೂ ಕೈ ಅದ್ದುವುದಿಲ್ಲ. ವಯರು ಪ್ಲಗ್ಗಿಗೆ ನೇರ ಇಳಿಯಬಾರದು. ಪ್ಲಗ್ಗಿಗಿಂತ ಕೆಳಗೆ ಒಂದು ಜೋತು ಬಿಟ್ಟು ಮೇಲೆ ತಂದು ಹಾಕಿ. ವಯರಿನ ಗುಂಟ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.


ಕುಂಬಳೆ_ಕಡಲು · ಜೂನ್ 14, ರಾತ್ರಿ 10:10

ಎಲ್ಲರೂ ಉಪ್ಪಿನ ಪ್ಯಾಕೆಟಿಗೆ ದುಡ್ಡು ಸುರಿಯುತ್ತೀರಲ್ಲ, ಕಡಲು ಬತ್ತಿ ಹೋಗಿದೆಯಾ? ನಾನು ಐದು ವರ್ಷದಿಂದ ಕಡಲ ನೀರೇ ಬಳಸುವುದು. ಒಂದು ಬಸವನಹುಳುವೂ ಸತ್ತಿಲ್ಲ.


ಮಂಜೇಶ್ವರ_ಅಕ್ಕ · ಜೂನ್ 14, ರಾತ್ರಿ 10:25

ಈಗ ಜೂನ್‌ನಲ್ಲಿ ತರುತ್ತೀರಾ ಅಣ್ಣ? ಹೊಳೆಗಳೆಲ್ಲ ಕೆಂಪಾಗಿ ತುಂಬಿ ಹರಿಯುತ್ತಿವೆ. ಅಳಿವೆಯ ಹತ್ತಿರದ ನೀರಿನಲ್ಲಿ ಉಪ್ಪೇ ಇರುವುದಿಲ್ಲ.


ಕುಂಬಳೆ_ಕಡಲು · ಜೂನ್ 14, ರಾತ್ರಿ 10:33

ಜೂನ್‌ನಲ್ಲಿ ಯಾರು ತರುತ್ತಾರೆ ಅಕ್ಕ? ಜನವರಿಯಿಂದ ಏಪ್ರಿಲ್ ತನಕ ಮಾತ್ರ. ಅದೂ ಭರತದ ಹೊತ್ತಿಗೆ, ಹೊಳೆಬಾಯಿಂದ ದೂರ, ದೋಣಿ ನಿಲ್ಲುವ ಜಾಗದಿಂದಲೂ ದೂರ. ಡೀಸೆಲ್ ಪಸೆ ಇರುತ್ತದೆ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಪಂಪ್ ಹಾಕಿ ಎರಡು ವಾರ ಇಡುತ್ತೇನೆ. ಮಳೆಗಾಲಕ್ಕೆ ಮೊದಲೇ 400 ಲೀಟರ್ ತುಂಬಿಸಿಟ್ಟಿರುತ್ತೇನೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ತಳದ ನೀರು ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಮ್ಮಿ. ಮೀನಿಗೆ ಹೋಗುವವರಿಗೆ ಸುಗ್ಗಿ, ನಮ್ಮ ಟ್ಯಾಂಕಿಗೆ ಪಾಚಿ.


ಉಪ್ಪಳ_ರೀಫರ್ · ಜೂನ್ 14, ರಾತ್ರಿ 10:40

ಎರಡು ವಾರ ಕತ್ತಲೆ, ಬಟ್ಟೆ, ಪಂಪ್, 400 ಲೀಟರ್ ಹೊರುವುದು, ಬೆನ್ನುನೋವಿನ ಮುಲಾಮು. ಇದಕ್ಕಿಂತ ಉಪ್ಪಿನ ಪ್ಯಾಕೆಟೇ ಅಗ್ಗ ಮಾರಾಯ್ರೆ.


ಸುರಂಗದ_ನೀರು · ಜೂನ್ 15, ಬೆಳಿಗ್ಗೆ 6:50

ಕಡಲ ನೀರು ನನ್ನಿಂದಾಗದು. ಬೈಕಿನಲ್ಲಿ ಕ್ಯಾನ್ ಕಟ್ಟಿಕೊಂಡು ಒಮ್ಮೆ ತಂದಿದ್ದೆ. ಸೀತಾಂಗೋಳಿ ಹತ್ತಿರ ಮುಚ್ಚಳ ಬಿಚ್ಚಿ ಬೆನ್ನೆಲ್ಲ ಉಪ್ಪು. ಇಎಲ್‌ಸಿಬಿ ಇದೆ, ವಯರಿನ ಜೋತು ಇವತ್ತೇ ಮಾಡುತ್ತೇನೆ.


ಬೆಂಗಳೂರಿಂದ_ವಾಪಸ್ · ಜೂನ್ 15, ಬೆಳಿಗ್ಗೆ 8:15

ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಯಾವುದರಲ್ಲಿ ಸರಿ ಮಾಡುತ್ತೀರಿ? ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ನೋಡಬೇಕು. ನಾನು ಒಂದು ವರ್ಷ 1.025 ಅಂದುಕೊಂಡು 1.030ರಲ್ಲಿ ಸಾಕುತ್ತಿದ್ದೆ. ಬಸವನಹುಳುಗಳಿಗೆ ಉಪ್ಪಿನ ಏರುಪೇರು ಆಗಿಬರುವುದಿಲ್ಲ. ಇನ್ನೊಂದು, ಆವಿಯಾಗಿ ನೀರು ಇಳಿದಾಗ ಉಪ್ಪುನೀರು ತುಂಬಿಸುತ್ತಿಲ್ಲ ತಾನೆ? ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ.


ಸುರಂಗದ_ನೀರು · ಜೂನ್ 15, ಮಧ್ಯಾಹ್ನ 1:05

ಆ ತಪ್ಪು ಮೊದಲ ತಿಂಗಳೇ ಮಾಡಿ ಕಲಿತೆ. ಈಗ ಸಿಹಿನೀರೇ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಎರಡೂವರೆ ಲೀಟರ್ ಹೋಗುತ್ತಿತ್ತು. ಈಗ ಮಳೆಗೆ ಒಂದು ಲೀಟರೂ ಇಲ್ಲ. 35ರ ದ್ರಾವಣದಲ್ಲಿ ನೋಡಿದೆ, ಸರಿ ಇದೆ.


ಚಂದ್ರಗಿರಿ_ತೀರ · ಜೂನ್ 15, ಮಧ್ಯಾಹ್ನ 1:30

ಸುರಂಗದ ನೀರಿಗೆ ಆರ್‌ಓ ಯಾಕೆ ಅಣ್ಣ? ಅದು ಗುಡ್ಡದ ಹೊಟ್ಟೆಯಿಂದ ಬರುವ ಅಮೃತ. ನಮ್ಮಜ್ಜ ಅದನ್ನೇ ಕುಡಿದು 92 ಬದುಕಿದರು.


ನೀರ್ಚಾಲು_ಮಾಷ್ಟ್ರು · ಜೂನ್ 15, ಸಂಜೆ 5:40

ಅಜ್ಜ ಬದುಕಿದರು, ಹವಳ ಬದುಕಬೇಕಲ್ಲ. ಮುರಕಲ್ಲಿನ ಗುಡ್ಡದ ನೀರು ಮೆದು, ಸ್ವಲ್ಪ ಹುಳಿ, ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಮೊತ್ತ) ಕಡಿಮೆ ಇದ್ದರೂ ಆ ಕಡಿಮೆಯಲ್ಲಿ ಏನುಂಟು ಎಂದು ಮೀಟರ್ ಹೇಳುವುದಿಲ್ಲ. ಆರ್‌ಓ ಇರಲಿ.

ನನ್ನ ಪ್ರಶ್ನೆ ಬೇರೆ. ಮೀನಿಗೆ ಏನೂ ಆಗಿಲ್ಲ. ಬಸವನಹುಳು ಸತ್ತವು, ಸಿಗಡಿ ಸತ್ತಿತು, ಝೋಆ ಮುದುಡಿತು. ಅಮೋನಿಯಾ ಆಗಿದ್ದರೆ ಮೀನೂ ಒದ್ದಾಡುತ್ತಿತ್ತು. ಬೆನ್ನೆಲುಬು ಇಲ್ಲದ್ದನ್ನು ಮಾತ್ರ ಹೆಕ್ಕಿ ಕೊಲ್ಲುವ ವಿಷ ಅಂದರೆ ಮೊದಲು ನೆನಪಾಗುವುದು ತಾಮ್ರ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದು ಔಷಧಿ ಏನಾದರೂ ಹಾಕಿದ್ದಿರಾ?


ಸುರಂಗದ_ನೀರು · ಜೂನ್ 15, ಸಂಜೆ 6:02

ಇಲ್ಲ ಮಾಷ್ಟ್ರೇ. ಔಷಧಿ ಬಾಟಲಿ ಮನೆಯಲ್ಲೇ ಇಲ್ಲ. ಪೈಪು ಎಲ್ಲ ಪಿವಿಸಿ. ತಾಮ್ರದ ಚೊಂಬೂ ಆ ಕೋಣೆಗೆ ಬರುವುದಿಲ್ಲ.


ಉಪ್ಪಳ_ರೀಫರ್ · ಜೂನ್ 15, ಸಂಜೆ 6:20

ತಾಮ್ರ ಎಲ್ಲಿಂದ ಬರಬೇಕು ಮಾಷ್ಟ್ರೇ. ಉಣ್ಣಲು ಪಾಚಿ ಇಲ್ಲದೆ ಸತ್ತಿರಬೇಕು. 190 ಲೀಟರಿಗೆ ಎಂಟು ಜಾಸ್ತಿ. ಅಂಗಡಿಯವರು ತಂದ ದಿನವೇ ಮಾರುವುದರಿಂದ ಅರ್ಧ ಜೀವ ಆಗಿಯೇ ಬರುತ್ತವೆ.


ಮಂಜೇಶ್ವರ_ಅಕ್ಕ · ಜೂನ್ 15, ಸಂಜೆ 6:31

ಹಸಿವಿನಿಂದ ಎಂಟೂ ಒಂದೇ ವಾರದಲ್ಲಿ ಸಾಯುತ್ತವಾ? ಒಂದೊಂದಾಗಿ ಹೋಗಬೇಕಿತ್ತು. ಹತ್ತು ತಿಂಗಳು ಬದುಕಿದ್ದವು ಬೇರೆ.


ಚಂದ್ರಗಿರಿ_ತೀರ · ಜೂನ್ 15, ರಾತ್ರಿ 8:00

ಈ ನಡುವೆ ನನ್ನದೂ ಒಂದು ಪ್ರಶ್ನೆ. ಮುರಕಲ್ಲನ್ನೇ ಕಡಿದು ಟ್ಯಾಂಕಿನಲ್ಲಿ ಜೋಡಿಸಿದರೆ ಹೇಗೆ? ತೂತು ತೂತು ಇರುತ್ತದೆ, ನೋಡಲು ಲೈವ್ ರಾಕ್ (ಕಡಲಿನಿಂದ ತಂದ ಜೀವ ತುಂಬಿದ ಕಲ್ಲು) ಹಾಗೇ. ನಮ್ಮ ಅಂಗಳದಲ್ಲೇ ರಾಶಿ ಉಂಟು. ಇನ್ನು ನಮ್ಮ ನೆಂಟರೊಬ್ಬರು ಲಕ್ಷದ್ವೀಪದಲ್ಲಿ ಕೆಲಸದಲ್ಲಿದ್ದಾರೆ. ದಡಕ್ಕೆ ಬಿದ್ದ ಸತ್ತ ಹವಳ ನಾಲ್ಕು ತುಂಡು ತರಿಸಬಹುದಾ?


ಮಂಜೇಶ್ವರ_ಅಕ್ಕ · ಜೂನ್ 15, ರಾತ್ರಿ 8:24

ಎರಡೂ ಬೇಡ ತಮ್ಮಾ. ಮುರಕಲ್ಲು ಅಂದರೆ ಕಬ್ಬಿಣ. ಪಾಚಿಗೆ ಹಬ್ಬದೂಟ.

ಎರಡನೆಯದಂತೂ ಜೈಲಿನ ದಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಟ್ಟಿ ಹವಳಗಳೆಲ್ಲ ಇವೆ. 2001ರಲ್ಲಿ ಸೇರಿಸಿದ್ದು. ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲ ಕುದುರೆ, ಕಡಲ ಸೌತೆ ಎಲ್ಲ ಅದರಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸತ್ತದ್ದು, ದಡಕ್ಕೆ ಬಿದ್ದದ್ದು ಎನ್ನುವ ಮಾತು ನಡೆಯುವುದಿಲ್ಲ. ನಿಮ್ಮ ನೆಂಟರ ಕೆಲಸವೂ ಹೋದೀತು.

ನಾನು ಹಾಕಿದ್ದು ಒಣ ಅರಗೊನೈಟ್ (ಒಂದು ಬಗೆಯ ಸುಣ್ಣದ) ಕಲ್ಲು. ಬ್ಯಾಕ್ಟೀರಿಯಾ ಹಿಡಿಯಲು ತಡ ಆಗುತ್ತದೆ, ಆರು ವಾರ ಸುಮ್ನೆ ಕೂರಬೇಕು, ಅಷ್ಟೇ. ಕ್ಲೌನ್ ಮೀನನ್ನೂ ಹಿಡಿದದ್ದು ಬೇಡ, ಸಾಕಿ ಮರಿ ಮಾಡಿದ್ದೇ ಕೇಳಿ. ವಿಳಿಂಜಂ ಮತ್ತು ಮಂಡಪಂನಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ)ಯವರು ಮರಿ ಮಾಡುವ ವಿಧಾನ ಕಂಡುಕೊಂಡು ಎಷ್ಟೋ ವರ್ಷ ಆಯಿತು. ಟ್ಯಾಂಕಿನಲ್ಲೇ ಹುಟ್ಟಿದವು ಕೊಟ್ಟದ್ದನ್ನು ತಿನ್ನುತ್ತವೆ, ಬೇಗ ಸಾಯುವುದೂ ಇಲ್ಲ.


ಚಂದ್ರಗಿರಿ_ತೀರ · ಜೂನ್ 15, ರಾತ್ರಿ 8:30

ಅಬ್ಬಾ. ಹುಲಿಯನ್ನು ಶೋಕೇಸಿನಲ್ಲಿ ಇಟ್ಟುಕೊಂಡವರು ನಮ್ಮೂರಲ್ಲಿ ನಾಲ್ಕು ಮನೆ ಇದ್ದಾರೆ ಹಾಗಾದರೆ.


ಬೆಂಗಳೂರಿಂದ_ವಾಪಸ್ · ಜೂನ್ 15, ರಾತ್ರಿ 8:47

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊರದೇಶದ ಗಟ್ಟಿ ಹವಳ ಕೊಂಡರೂ ಲೆಕ್ಕ ಕೇಳುತ್ತಾರೆ. 2022ರ ತಿದ್ದುಪಡಿ ಆದಮೇಲೆ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯ ವಿದೇಶಿ ಜೀವಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಝೋಆ, ಮಶ್ರೂಮ್ ಆ ಪಟ್ಟಿಯಲ್ಲಿಲ್ಲ. ಹೊಸಬರಿಗೆ ಅವೇ ಸಾಕು. ಆದರೆ ಝೋಆ ಇರುವ ಕಲ್ಲನ್ನು ಬಿಸಿನೀರು ಹಾಕಿ ಉಜ್ಜಬೇಡಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಹಬೆ ಮೂಗಿಗೆ ಹೋದರೆ ಮನೆಯವರೆಲ್ಲ ಆಸ್ಪತ್ರೆಯಲ್ಲಿ. ಗ್ಲೌಸ್ ಹಾಕಿ.


ಕುಂಬಳೆ_ಕಡಲು · ಜೂನ್ 15, ರಾತ್ರಿ 9:05

ಮಾಷ್ಟ್ರೇ, ಆಲ್ಕಲಿನಿಟಿ ಇಳಿದಾಗ ಸುಣ್ಣದ ತಿಳಿ ಹಾಕುವುದು ಸರಿಯಾ? ಉಪ್ಪಳದವರು ಜರ್ಮನ್ ಹೆಸರಿನ ಡಬ್ಬಿ ತೋರಿಸಿದರು. ಒಳಗೆ ನೋಡಿದರೆ ಸುಣ್ಣ. ನಮ್ಮಲ್ಲಿ ಎಲೆ ಅಡಿಕೆಗೆ ಹಾಕುವುದು ಅದೇ ಅಲ್ವಾ?


ನೀರ್ಚಾಲು_ಮಾಷ್ಟ್ರು · ಜೂನ್ 15, ರಾತ್ರಿ 9:30

ವಸ್ತು ಅದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದರೆ ಪೇಟೆಯ ಸುಣ್ಣದಲ್ಲಿ ಬೇರೆ ಏನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಶುದ್ಧವಾದದ್ದನ್ನು ಲೀಟರಿಗೆ ಒಂದೂವರೆ ಗ್ರಾಂ ಕಲಸಿ, ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ತೆಗೆಯಬೇಕು. ಪಿಎಚ್ 12 ದಾಟಿರುತ್ತದೆ. ಆವಿಯಾದ ನೀರಿಗೆ ಬದಲಾಗಿ ರಾತ್ರಿಯೆಲ್ಲ ಹನಿ ಹನಿಯಾಗಿ ಬೀಳಬೇಕು. ರಾತ್ರಿ ಟ್ಯಾಂಕಿನ ಪಿಎಚ್ ತಾನಾಗಿ ಇಳಿಯುತ್ತದಲ್ಲ, ಅದಕ್ಕೆ. ಒಂದು ಚೊಂಬು ಒಮ್ಮೆಲೇ ಸುರಿದರೆ ಬೆಳಿಗ್ಗೆ ಮೀನು ತೇಲುತ್ತವೆ.

ಮಶ್ರೂಮ್ ಸಾಕುವವರಿಗೆ ಅದೂ ಬೇಡ. ಅಡುಗೆ ಸೋಡಾ ಸಾಕು. 190 ಲೀಟರಿಗೆ ಒಂದು ಡಿಗ್ರಿ ಏರಿಸಲು 5.7 ಗ್ರಾಂ, ಅಂದರೆ ಟೀ ಚಮಚಕ್ಕಿಂತ ಚೂರು ಜಾಸ್ತಿ. ಬೇಕಿಂಗ್ ಪೌಡರ್ ಅಲ್ಲ, ಸೋಡಾ.

ಸುಣ್ಣ ಅಂದ ಕೂಡಲೇ ತಲೆಗೆ ಹೊಳೆಯಿತು. ಬದಿಯಡ್ಕದ ತಮ್ಮಾ, ನಿಮ್ಮದು ಅಡಿಕೆ ತೋಟವಾ? ಈ ವರ್ಷ ಮದ್ದು ಬಿಟ್ಟದ್ದು ಯಾವಾಗ?


ಸುರಂಗದ_ನೀರು · ಜೂನ್ 15, ರಾತ್ರಿ 9:38

ಹೌದು, ಎರಡು ಎಕರೆ. ಜೂನ್ 5, 6ಕ್ಕೆ ಬಿಟ್ಟರು. ಯಾಕೆ?


ಸುರಂಗದ_ನೀರು · ಜೂನ್ 15, ರಾತ್ರಿ 9:39

ಅಯ್ಯೋ. ಮೈಲುತುತ್ತು.


ನೀರ್ಚಾಲು_ಮಾಷ್ಟ್ರು · ಜೂನ್ 15, ರಾತ್ರಿ 9:52

ಅದೇ. ತೋಟ ಇಲ್ಲದವರಿಗಾಗಿ ಹೇಳುತ್ತೇನೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಇವರ ಬಸವನಹುಳು ಸತ್ತದ್ದು ಜೂನ್ ಮೊದಲಿಗೆ ಮತ್ತು ಜುಲೈ ಕೊನೆಗೆ. ಉಳಿದ ಹತ್ತು ತಿಂಗಳು ಆರಾಮ.

ಮೈಲುತುತ್ತಿನ ಕಾಲು ಭಾಗ ತಾಮ್ರ. ಒಂದು ಚಿಟಿಕೆ, 200 ಮಿಲಿಗ್ರಾಂ ಅಂದುಕೊಳ್ಳಿ. ಅದರಲ್ಲಿ 50 ಮಿಲಿಗ್ರಾಂ ತಾಮ್ರ. 160 ಲೀಟರಿಗೆ ಹಂಚಿದರೆ ಲೀಟರಿಗೆ 0.3. ಬಸವನಹುಳು, ಸಿಗಡಿಗೆ ಅಷ್ಟು ಬೇಕಾದಷ್ಟಾಯಿತು.


ಉಪ್ಪಳ_ರೀಫರ್ · ಜೂನ್ 15, ರಾತ್ರಿ 10:00

ಆದರೆ ಆರ್‌ಓ ಇದೆಯಲ್ಲ? ಸುರಂಗಕ್ಕೆ ಇಳಿದರೂ ಆರ್‌ಓ ತಾಮ್ರವನ್ನು ಬಹುಪಾಲು ತಡೆಯುತ್ತದೆ. ತಾಮ್ರ ಮಣ್ಣಿಗೆ ಅಂಟಿಕೊಳ್ಳುವುದೂ ಜಾಸ್ತಿ, ಅಷ್ಟು ಸುಲಭಕ್ಕೆ ಸುರಂಗಕ್ಕೆ ಹೋಗುವುದಿಲ್ಲ. ಲೆಕ್ಕ ತಪ್ಪುತ್ತಿದೆ ಮಾಷ್ಟ್ರೇ.


ನೀರ್ಚಾಲು_ಮಾಷ್ಟ್ರು · ಜೂನ್ 15, ರಾತ್ರಿ 10:08

ಆ ಮಾತು ಸರಿ. ಸುರಂಗ ಅಲ್ಲದಿರಬಹುದು. ಗಾಳಿಗೆ ಬಂದಿರಬಹುದು, ಕೈಯಲ್ಲಿ ಬಂದಿರಬಹುದು. ಮದ್ದು ಬಿಟ್ಟ ಕೈಯನ್ನು ಟ್ಯಾಂಕಿಗೆ ಅದ್ದಿದಿರಾ?


ಸುರಂಗದ_ನೀರು · ಜೂನ್ 15, ರಾತ್ರಿ 10:15

ನಾನು ಮದ್ದಿಗೆ ಹೋಗುವುದಿಲ್ಲ, ಆಳುಗಳೇ ಬರುವುದು. ಕಿಟಕಿ ಮುಚ್ಚಿತ್ತು.


ಕುಂಬಳೆ_ಕಡಲು · ಜೂನ್ 15, ರಾತ್ರಿ 10:20

ಮದ್ದು ಸರಿಯಾಗಿದೆಯಾ ಎಂದು ಕತ್ತಿ ಅದ್ದಿ ನೋಡುತ್ತಾರಲ್ಲ, ಕೆಂಪಾದರೆ ಸುಣ್ಣ ಸಾಲದು ಅಂತ. ಟ್ಯಾಂಕಿಗೂ ಕತ್ತಿ ಅದ್ದಿ ನೋಡಿ!


ನೀರ್ಚಾಲು_ಮಾಷ್ಟ್ರು · ಜೂನ್ 15, ರಾತ್ರಿ 10:31

ಇಷ್ಟು ಸಣ್ಣ ಪ್ರಮಾಣ ಕತ್ತಿಗೆ ಕಾಣುವುದಿಲ್ಲ. ಮೇಲಿಂದ ಉಪ್ಪುನೀರಿಗೆ ಕತ್ತಿಯೂ ತುಕ್ಕು ಹಿಡಿಯುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ತಾಮ್ರದ ಟೆಸ್ಟ್ ಕಿಟ್ ಸಿಗುತ್ತದೆ. ಟ್ಯಾಂಕ್, ಆರ್‌ಓ ನಲ್ಲಿ, ಡ್ರಮ್ಮು, ಮೂರನ್ನೂ ಬೇರೆ ಬೇರೆ ನೋಡಿ. ಅಲ್ಲಿಯ ತನಕ ನೀರು ಬದಲಿಸಬೇಡಿ. ಹೊಸ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಹಾಕಿಡಿ.


ನಿರ್ವಾಹಕ · ಜೂನ್ 16, ಬೆಳಿಗ್ಗೆ 7:00

ಅಡಿಕೆ ದರ, ತೋಟದ ಮದ್ದಿನ ಕೂಲಿ ಬಗ್ಗೆ ಬಂದ ಹನ್ನೊಂದು ಉತ್ತರಗಳನ್ನು ಕೃಷಿ ವಿಭಾಗಕ್ಕೆ ಕಳಿಸಿದ್ದೇನೆ. ದಯವಿಟ್ಟು ಮೀನಿಗೆ ಅಂಟಿಕೊಳ್ಳಿ.


ಸುರಂಗದ_ನೀರು · ಜೂನ್ 19, ರಾತ್ರಿ 8:45

ಕಿಟ್ ಬಂತು. ಆರ್‌ಓ ನಲ್ಲಿಯ ನೀರು: ಏನೂ ಇಲ್ಲ. ಟ್ಯಾಂಕ್: ಬಣ್ಣ ಬಂತು, ಚಾರ್ಟಿನ ಎರಡನೇ ಚೌಕದಷ್ಟು. ಡ್ರಮ್ಮು: ಟ್ಯಾಂಕಿಗಿಂತಲೂ ದಟ್ಟ.

ಟಾರ್ಚ್ ಹಿಡಿದು ಡ್ರಮ್ಮಿನೊಳಗೆ ತಲೆ ಹಾಕಿದೆ. ನೀಲಿ ಡ್ರಮ್ಮಾದ್ದರಿಂದ ಮೊದಲು ಏನೂ ಗೊತ್ತಾಗಲಿಲ್ಲ. ನಲ್ಲಿ ಕೂರಿಸಿದ ತೂತಿನ ವಾಷರ್ ಸುತ್ತ ಬೆರಳಾಡಿಸಿದರೆ ಉಗುರಿಗೆ ಒಂದು ಪದರ ಸಿಕ್ಕಿತು. ಒಣಗಿದ ಸುಣ್ಣದ ಹಾಗೆ ಪುಡಿಪುಡಿ, ಬಣ್ಣ ನವಿಲುಗರಿಯ ಹಸಿರುನೀಲಿ. ಬಾಲ್‌ವಾಲ್ವ್ ಬಿಚ್ಚಿದೆ. ಒಳಗಿನ ಮೂಲೆಯಲ್ಲಿ ಅದೇ, ಕಡಲೆಕಾಳಿನಷ್ಟು.

ಅಪ್ಪನನ್ನು ಕೇಳಿದೆ. ಬಹಳ ಸಹಜವಾಗಿ ಹೇಳಿದರು. ಮದ್ದು ಮಾಡಲು ಮೂರು ಡ್ರಮ್ಮು ಬೇಕು. ಒಂದರಲ್ಲಿ 50 ಲೀಟರ್ ನೀರಿಗೆ ಮೈಲುತುತ್ತು, ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ, ಎರಡನ್ನೂ ಒಟ್ಟಿಗೆ ಸುರಿಯಲು ಮೂರನೆಯದು. ನಮ್ಮಲ್ಲಿ ಇರುವುದು ಎರಡು. ಮೂರನೆಯದು ನನ್ನದು. "ಐದು ಸಲ ತೊಳೆದು ಅಲ್ಲೇ ಇಟ್ಟಿದ್ದೇವಲ್ಲ" ಅಂದರು. ತೊಳೆದದ್ದು ನಿಜ, ಆಳುಗಳೂ ಅದನ್ನೇ ಹೇಳಿದರು. ಡ್ರಮ್ಮಿನಲ್ಲಿದ್ದ ನನ್ನ ಆರ್‌ಓ ನೀರನ್ನು ಚೆಲ್ಲಲೂ ಇಲ್ಲವಂತೆ, ಮದ್ದಿಗೇ ಹಾಕಿದರಂತೆ. ಪಾಪ, ನೀರು ಹಾಳು ಮಾಡಬಾರದು ಎಂದು.


ಚಂದ್ರಗಿರಿ_ತೀರ · ಜೂನ್ 19, ರಾತ್ರಿ 8:50

ಆರ್‌ಓ ನೀರಿನಲ್ಲಿ ಮದ್ದು! ನಿಮ್ಮ ಅಡಿಕೆಗೆ ಈ ವರ್ಷ ಕೊಳೆರೋಗ ಬರುವ ಧೈರ್ಯ ಮಾಡಲಿಕ್ಕಿಲ್ಲ.


ಉಪ್ಪಳ_ರೀಫರ್ · ಜೂನ್ 19, ರಾತ್ರಿ 9:02

ಮಾಷ್ಟ್ರೇ, ಒಪ್ಪಿದೆ. ನನ್ನ ಮಾತು ಕೇಳಿ 5 ಅಡಿ ಟ್ಯಾಂಕ್ ತಂದು, ಅದೇ ಡ್ರಮ್ಮಿನಲ್ಲಿ ಉಪ್ಪು ಕಲಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಿದ್ದೇನೆ.


ಬೆಂಗಳೂರಿಂದ_ವಾಪಸ್ · ಜೂನ್ 19, ರಾತ್ರಿ 9:10

ನಿಧಾನಕ್ಕೆ ಸಾಯುತ್ತಿತ್ತು, ಅಷ್ಟೇ ವ್ಯತ್ಯಾಸ.


ನೀರ್ಚಾಲು_ಮಾಷ್ಟ್ರು · ಜೂನ್ 19, ರಾತ್ರಿ 9:25

ಆ ಡ್ರಮ್ಮನ್ನು ತೋಟಕ್ಕೇ ಕೊಟ್ಟುಬಿಡಿ. ತೊಳೆದು ಮತ್ತೆ ಬಳಸುವ ಆಸೆ ಬೇಡ. ಬಕೆಟ್ಟು, ಉಪ್ಪು ಕಲಸುವ ಪಂಪು, ಸೈಫನ್ ಪೈಪು ಕೂಡ ಅದರ ಸಂಗಾತಿಗಳೇ, ಅವನ್ನೂ ಬದಲಿಸಿ. ಹೊಸ ಡ್ರಮ್ಮು ಬಂದ ಮೇಲೆ ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಿಸಿ. ತಾಮ್ರ ಹೀರುವ ರೆಸಿನ್ ಸಿಗುತ್ತದೆ, ಅದನ್ನು ಕಾರ್ಬನ್ ಜೊತೆ ಚೀಲದಲ್ಲಿ ಹಾಕಿ ನೀರು ಹರಿಯುವ ಕಡೆ ಇಡಿ. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡಿರುತ್ತವೆ. ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಇವತ್ತು ಸೊನ್ನೆ ಬಂದರೆ ಸಂಭ್ರಮ ಬೇಡ, ಹತ್ತು ದಿನ ಬಿಟ್ಟು ಮತ್ತೆ ನೋಡಿ. ಎರಡು ಸಲ ಸೊನ್ನೆ ಬಂದರೆ ಒಂದೇ ಒಂದು ಬಸವನಹುಳು ಬಿಡಿ. ಎಂಟಲ್ಲ.


ಮಂಜೇಶ್ವರ_ಅಕ್ಕ · ಜೂನ್ 19, ರಾತ್ರಿ 9:48

ಇನ್ನು ಅಪ್‌ಗ್ರೇಡ್ ವಿಷಯ. ಆರು ವರ್ಷದಲ್ಲಿ ನಾನು ಹಾಕಿದ್ದನ್ನು ಹೇಳುತ್ತೇನೆ. ಮೊದಲ ವರ್ಷ ಏನೂ ಹಾಕಲಿಲ್ಲ. ಎರಡನೇ ವರ್ಷ, ನೀರು ಇಳಿದಾಗ ತಾನಾಗಿ ತುಂಬುವ ಟಾಪ್-ಅಪ್. ನನ್ನ ಪ್ರಕಾರ ಸ್ಕಿಮ್ಮರಿಗಿಂತ ಅದು ಮುಖ್ಯ. ಮದುವೆ ಮನೆಗೆ ಎರಡು ದಿನ ಹೋಗಿ ಬಂದರೂ ಉಪ್ಪು ಅಲ್ಲಾಡುವುದಿಲ್ಲ. ಆಮೇಲೆ ಬ್ಯಾಟರಿಯಲ್ಲಿ ಓಡುವ ವೇವ್‌ಮೇಕರ್. ಒಂದು ಜುಲೈಯಲ್ಲಿ ಮರ ಬಿದ್ದು 19 ಗಂಟೆ ಕರೆಂಟಿರಲಿಲ್ಲ. ನಾನು, ನಮ್ಮತ್ತೆ ಸರದಿಯಲ್ಲಿ ಚೊಂಬಿನಿಂದ ನೀರು ಎತ್ತಿ ಹೊಯ್ಯುತ್ತಾ ರಾತ್ರಿ ಕಳೆದೆವು. ಅತ್ತೆಗೆ ಮೀನಿನ ಮೇಲೆ ಪ್ರೀತಿ ಹುಟ್ಟಿದ್ದೇ ಆವತ್ತು. ಸಂಪ್ ಬಂದದ್ದು ನಾಲ್ಕನೇ ವರ್ಷ. ಗಟ್ಟಿ ಹವಳ ಇಂದಿಗೂ ಇಲ್ಲ, ಬೇಕೆಂದೂ ಅನ್ನಿಸಿಲ್ಲ.

ನೈಟ್ರೇಟ್ 10, ಫಾಸ್ಫೇಟ್ 0.06 ಇರುವ ಟ್ಯಾಂಕಿಗೆ ದೊಡ್ಡ ಸ್ಕಿಮ್ಮರ್ ಯಾಕೆ? ಎರಡನ್ನೂ ಸೊನ್ನೆಗೆ ಇಳಿಸಿ ಡೈನೋ (ಡೈನೋಫ್ಲಾಜೆಲೇಟ್ ಎಂಬ ಪಾಚಿಯಂಥ ಪಿಡುಗು) ಬರಿಸಿಕೊಂಡವರನ್ನು ನೋಡಿದ್ದೇನೆ. ಸಿಂಬಳದ ಹಾಗೆ ಕಂದು ಎಳೆ, ಮೇಲೆಲ್ಲ ಗುಳ್ಳೆ. ಅದಕ್ಕಿಂತ ಸ್ವಲ್ಪ ಪಾಚಿಯೇ ವಾಸಿ.


ಉಪ್ಪಳ_ರೀಫರ್ · ಜೂನ್ 19, ರಾತ್ರಿ 9:55

ಆ "ನೋಡಿದ್ದೇನೆ" ಅನ್ನುವುದು ನನ್ನ ಟ್ಯಾಂಕ್. ಹೆಸರು ಹೇಳದೆ ಬಿಟ್ಟದ್ದಕ್ಕೆ ಥ್ಯಾಂಕ್ಸ್ ಅಕ್ಕ.


ಹೊಸದುರ್ಗ_ವಯರ್‌ಮ್ಯಾನ್ · ಜೂನ್ 20, ಬೆಳಿಗ್ಗೆ 7:30

ಇನ್ವರ್ಟರ್ ಇದ್ದವರಿಗೆ: ಸ್ಕ್ವೇರ್‌ವೇವ್ ಇನ್ವರ್ಟರಿಗೆ ಎಸಿ ಪಂಪ್ ಹಾಕಿದರೆ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಸೈನ್‌ವೇವ್ ಇರಲಿ. ಇಲ್ಲವಾದರೆ ಅಕ್ಕ ಹೇಳಿದ ಹಾಗೆ ಡಿಸಿ ಪಂಪನ್ನು ನೇರ ಬ್ಯಾಟರಿಗೆ ಕೊಡಿ.


ಸುರಂಗದ_ನೀರು · ಜುಲೈ 30, ರಾತ್ರಿ 9:15

ಬಹಳ ದಿನ ಆಯಿತು, ಕ್ಷಮಿಸಿ. ವರದಿ ಒಪ್ಪಿಸುತ್ತಿದ್ದೇನೆ.

ಹೊಸ ಡ್ರಮ್ಮು ಬಿಳಿಯದು. ಟ್ಯಾಂಕಿನ ಕೋಣೆಯಲ್ಲೇ ಇಟ್ಟಿದ್ದೇನೆ. ಬಕೆಟ್ಟು, ಪೈಪು, ಪಂಪು ಎಲ್ಲ ಹೊಸದು. ಟೆಸ್ಟಿನಲ್ಲಿ ಜೂನ್ 30ಕ್ಕೆ ಸೊನ್ನೆ, ಜುಲೈ 10ಕ್ಕೆ ಮತ್ತೆ ಸ್ವಲ್ಪ ಬಣ್ಣ. ಮಾಷ್ಟ್ರು ಹೇಳಿದ್ದು ಸರಿ, ಕಲ್ಲು ಬಿಟ್ಟುಕೊಟ್ಟದ್ದು. ರೆಸಿನ್ ಬದಲಿಸಿದೆ. 16ಕ್ಕೆ ಸೊನ್ನೆ, 26ಕ್ಕೂ ಸೊನ್ನೆ. ಆಮೇಲೆ ಒಂದು ಬಸವನಹುಳು ಬಿಟ್ಟೆ.

ಎರಡನೇ ಮದ್ದು ಜುಲೈ 18ಕ್ಕೆ ಆಯಿತು. ಹಿಂದಿನ ದಿನ ಅಪ್ಪ ತಾವೇ ಬಂದು ಬಿಳಿ ಡ್ರಮ್ಮಿನ ಮೇಲೆ ಇದ್ದಿಲಿನಲ್ಲಿ ಬರೆದರು: "ಮೀನಿನ ನೀರು. ಮುಟ್ಟಿದರೆ ಜಾಗ್ರತೆ." ಆಳುಗಳಲ್ಲಿ ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ ಎಂದು ನೆನಪಾಗಿ ಕೆಳಗೆ ಮಲಯಾಳದಲ್ಲೂ ಬರೆಸಿದರು. ಆಮೇಲೆ ಅದೂ ಸಾಲದು ಅನಿಸಿತೋ ಏನೋ, ಒಂದು ಮೀನಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದರು. ಈಗ ಅದು ಮೀನು ನಿಷೇಧ ಎಂಬ ಹಾಗೆ ಕಾಣುತ್ತದೆ. ಅಮ್ಮನಿಗೆ ಬಹಳ ಇಷ್ಟವಾಗಿದೆ.


ಮಂಜೇಶ್ವರ_ಅಕ್ಕ · ಜುಲೈ 30, ರಾತ್ರಿ 9:22

ಬಸವನಹುಳು ಹೇಗಿದೆ ಅದನ್ನು ಹೇಳಿ ಮೊದಲು!


ಸುರಂಗದ_ನೀರು · ಜುಲೈ 30, ರಾತ್ರಿ 9:40

ಈಗಷ್ಟೇ ಟಾರ್ಚ್ ಹಾಕಿ ನೋಡಿ ಬಂದೆ. ಮುಂದಿನ ಗಾಜಿನಲ್ಲಿದೆ. ಪಾಚಿ ಕಟ್ಟಿದ ಗಾಜಿನ ಮೇಲೆ ಅಂಕುಡೊಂಕು ದಾರಿ ಮಾಡಿಕೊಂಡು ಹೋಗುತ್ತಾ ಇದೆ. ಬಾಯಿ ತೆರೆದು ಮುಚ್ಚುವುದು ಗಾಜಿನಾಚೆಯಿಂದ ಕಾಣುತ್ತದೆ. ಝೋಆ ಒಂದು ಗುಂಪು ಅರಳಿದೆ. ಇನ್ನೊಂದು ಅರ್ಧ ಹೋಯಿತು.


ಉಪ್ಪಳ_ರೀಫರ್ · ಜುಲೈ 30, ರಾತ್ರಿ 9:44

ಹಾಗಾದರೆ 5 ಅಡಿ ಟ್ಯಾಂಕ್ ಯಾವಾಗ?


ಸುರಂಗದ_ನೀರು · ಜುಲೈ 30, ರಾತ್ರಿ 9:51

ಮೊದಲು ಟಾಪ್-ಅಪ್. ಉಳಿದದ್ದು ಅಡಿಕೆ ಕೊಯ್ಲಾದ ಮೇಲೆ. ಅಪ್ಪನಿಗೆ ಮಾತ್ರ ಹೇಳಬೇಡಿ.